ಹೋರ್ಡ್ ಮತ್ತು ಹಗೇವು: ಬಚ್ಚಿಡುವಿಕೆಯ ಎರಡು ಅರ್ಥಗಳು

ಇಂಗ್ಲಿಷಿನ ‘ಹೋರ್ಡ್’ ಎಂಬ ಪದವನ್ನು ಇಂದು ನಾವು ಬಹುಮಟ್ಟಿಗೆ ‘ಅಕ್ರಮ ದಾಸ್ತಾನು’ ಎಂಬ ಅರ್ಥದಲ್ಲಿಯೇ ಗ್ರಹಿಸುತ್ತೇವೆ. ಆದರೆ ಪದದ ಮೂಲದಲ್ಲಿ ಈ ನಿಂದೆಯಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದು ಕೂಡಿಸಿ ಕಾಪಾಡಿದ ನಿಧಿಯ ಹೆಸರು. ನಾಲ್ಕನೆಯ ಶತಮಾನದಲ್ಲಿ ಬಿಷಪ್ ವುಲ್ಫಿಲನ ಹೆಸರಿನಲ್ಲಿ ಪ್ರಸಿದ್ಧವಾದ ಗಾಥಿಕ್ ಸತ್ಯವೇದವು, ಮತ್ತಾಯ 6ನೆಯ ಅಧ್ಯಾಯದಲ್ಲಿ ಕರ್ತನು ಹೇಳುವ ಸಂಪತ್ತಿಗೆ ಇದೇ ಧಾತುವಿನ ‘ಹುಜ್ದ್’ ಎಂಬ ಪದವನ್ನು ಬಳಸಿತು. ಭೂಮಿಯ ಸಂಪತ್ತಿಗೂ ಪರಲೋಕದ ಸಂಪತ್ತಿಗೂ ಅಲ್ಲಿ ಒಂದೇ ಪದ. ಹಾಗಾದರೆ ಬಚ್ಚಿಡುವುದು ಯಾವಾಗ ವಿವೇಕ, ಯಾವಾಗ ಪಾಪ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಚರಿತ್ರೆ ಈ ಪ್ರಶ್ನೆಗೆ ಬೆಳಕು ನೀಡುತ್ತದೆ. ಮಳೆ ವಿರಳವಾದ ಈ ಸೀಮೆಯಲ್ಲಿಯೂ, ಮೈಸೂರು ಬಯಲುಸೀಮೆಯ ಇತರೆಡೆಗಳಂತೆ, ರೈತರು ರಾಗಿಯನ್ನು ಹಗೇವಿನಲ್ಲಿ ಇಡುತ್ತಿದ್ದರು. ಗಟ್ಟಿ ನೆಲದಲ್ಲಿ ಆಳವಾಗಿ ತೋಡಿ, ಒಳಗೆ ಹುಲ್ಲು ಹಾಸಿ, ಕಿರಿದಾದ ಬಾಯಿಗೆ ಚಪ್ಪಡಿ ಮುಚ್ಚಿ ಮೇಲೆ ಮಣ್ಣೆಳೆದರೆ ರಾಗಿ ಹಲವು ವರ್ಷ ಕೆಡದೆ ಉಳಿಯುತ್ತಿತ್ತು. ಶಿರಾ 1687ರಲ್ಲಿ ಮೊಗಲರಿಗೆ, 1757ರಲ್ಲಿ ಮರಾಠರಿಗೆ, 1761ರಲ್ಲಿ ಹೈದರಾಲಿಗೆ ವಶವಾಯಿತು. ದಂಡು ಬಂದಾಗಲೆಲ್ಲ ಕಣ್ಣಿಗೆ ಬಿದ್ದ ಧಾನ್ಯಕ್ಕೆ ಉಳಿಗಾಲವಿರಲಿಲ್ಲ. ನೆಲದೊಳಗಿನ ರಾಗಿಯೇ ಮುಂದಿನ ಬಿತ್ತನೆ, ಮುಂದಿನ ಅನ್ನ.

ಆದರೆ ಹಗೇವನ್ನು ಒಬ್ಬನೇ ತೆರೆಯುವಂತಿಲ್ಲ. ಒಳಗೆ ಕಟ್ಟಿದ ಕೆಟ್ಟ ಗಾಳಿ ಪ್ರಾಣಾಂತಕ. ಅದು ಹೋಗುವವರೆಗೆ ಕಾಯಬೇಕು, ಇಳಿದವನನ್ನು ಮೇಲೆಳೆಯಲು ಜನ ಬೇಕು. ಆದುದರಿಂದ ಅದು ದಂಡಿಗೆ ಗುಟ್ಟಾದರೂ ನೆರೆಯವರಿಗೆ ಗುಟ್ಟಲ್ಲ.

ಇಲ್ಲಿಯೇ ಅರ್ಥದ ಗಡಿಯಿದೆ. ಆದಿಕಾಂಡ 41ರ ಯೋಸೇಫನು ಬರಗಾಲದ ಜನರಿಗಾಗಿ ಧಾನ್ಯ ಕೂಡಿಸಿಟ್ಟನು, ಸಮಯ ಬಂದಾಗ ಕಣಜಗಳನ್ನು ತೆರೆದನು. ಲೂಕ 12ರ ಐಶ್ವರ್ಯವಂತನು ತನಗೊಬ್ಬನಿಗಾಗಿಯೇ ಕೂಡಿಸಿದನು. ಜ್ಞಾನೋಕ್ತಿ 11:26 ಶಪಿಸುವುದು ಧಾನ್ಯವಿಟ್ಟವನನ್ನಲ್ಲ, ಬೇಕಾದಾಗ ಅದನ್ನು ತಡೆಹಿಡಿದವನನ್ನು. 1876–78ರ ಬರದಲ್ಲಿ ಮೈಸೂರು ಸಂಸ್ಥಾನದ ಸುಮಾರು 10 ಲಕ್ಷ ಜನ ಮಡಿದರು. ಅಂಥ ದಿನದಲ್ಲಿ ಬೆಲೆಯೇರಲೆಂದು ಮುಚ್ಚಿಟ್ಟ ಹಗೇವು ವಿವೇಕದ ಹೆಸರನ್ನು ಕಳೆದುಕೊಳ್ಳುತ್ತದೆ.

ಆದಕಾರಣ ‘ಹೋರ್ಡ್’ ಎಂಬ ಪದಕ್ಕೆ ಲೋಭವೆಂಬ ಒಂದೇ ಅರ್ಥ ಕೊಟ್ಟು ಬೋಧಿಸುವವನು, ಬರಕ್ಕೆ ಅಂಜಿ ರಾಗಿಯನ್ನು ಕಾಪಾಡಿದ ಬಡ ರೈತನನ್ನೂ ದೋಷಿಯೆನ್ನುತ್ತಾನೆ. ಯಾರಿಗೆ ಮರೆಮಾಡಿತು, ಯಾರಿಗಾಗಿ ತೆರೆಯಿತು ಎಂದು ಕೇಳಿದ ಮೇಲೆಯೇ ತೀರ್ಪು ನ್ಯಾಯವಾದೀತು.