ಮರಣಪಟ್ಟಿಯಿಂದ ರೋಗಸಂಕೇತದವರೆಗೆ

ಹದಿನೇಳನೆಯ ಶತಮಾನದ ಲಂಡನ್ನಿನಲ್ಲಿ ಯಾರಾದರೂ ಸತ್ತರೆ, ಹೆಣ ನೋಡಿ ಸಾವಿನ ಕಾರಣ ಹೇಳುವ ಕೆಲಸ ಆಯಾ ಚರ್ಚ್ ನೇಮಿಸಿದ ವೃದ್ಧೆಯರದು. ಅವರು ಹೇಳಿದ್ದೇ ವಾರದ ಮರಣಪಟ್ಟಿ ಸೇರುತ್ತಿತ್ತು: ಪ್ಲೇಗ್, ಕ್ಷಯ, ಮುಪ್ಪು, ‘ಹಲ್ಲು’, ‘ಹಠಾತ್ತನೆ’. ವ್ಯಾಪಾರಿ ಜಾನ್ ಗ್ರಾಂಟ್ 1662ರಲ್ಲಿ ಈ ಪಟ್ಟಿಗಳನ್ನೇ ಜಾಲಾಡಿ, ಸಾವುಗಳಲ್ಲೂ ಲೆಕ್ಕಕ್ಕೆ ಸಿಗುವ ಕ್ರಮವಿದೆ ಎಂದು ತೋರಿಸಿದ.

ಹೆಸರುಗಳ ಗೊಂದಲ ಮಾತ್ರ ಉಳಿಯಿತು.

ಒಂದೇ ರೋಗಕ್ಕೆ ಮೂರು ನಾಲ್ಕು ಹೆಸರು, ಒಂದೇ ಹೆಸರಿಗೆ ಹಲವು ರೋಗ ಎಂದು ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ 1839ರಲ್ಲೇ ಎಚ್ಚರಿಸಿದರು. 1893ರಲ್ಲಿ ಪ್ಯಾರಿಸ್ಸಿನ ಝಾಕ್ ಬೆರ್ಟಿಯೋಂ ಷಿಕಾಗೋದಲ್ಲಿ ಸೇರಿದ್ದ ಸಂಖ್ಯಾಶಾಸ್ತ್ರಜ್ಞರ ಸಭೆಯ ಮುಂದೆ ಸಾವಿನ ಕಾರಣಗಳ ವರ್ಗೀಕರಣವನ್ನಿಟ್ಟರು. ರೋಗಗಳ ಇಂದಿನ ಅಂತರರಾಷ್ಟ್ರೀಯ ವರ್ಗೀಕರಣವಾದ ‘ಐಸಿಡಿ’ಯ ಮೂಲ ಅದೇ. 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆರನೆಯ ಪರಿಷ್ಕರಣೆಯನ್ನು ಕೈಗೆತ್ತಿಕೊಂಡಾಗ, ಬದುಕಿರುವವರ ಕಾಯಿಲೆಗಳಿಗೂ ಅದರಲ್ಲಿ ಜಾಗ ಸಿಕ್ಕಿತು.

ಎಣಿಕೆಗೆ ಐಸಿಡಿ ಸಾಕು. ಚಿಕಿತ್ಸೆಯ ಸೂಕ್ಷ್ಮ ವಿವರಗಳಿಗೆ ಸಾಲದು. 1980ರ ದಶಕದಲ್ಲಿ ಇಂಗ್ಲೆಂಡಿನ ಲಫ್‌ಬರೋ ಪಟ್ಟಣದ ವೈದ್ಯ ಜೇಮ್ಸ್ ರೀಡ್ ಕಂಪ್ಯೂಟರಿಗೆಂದೇ ಸಂಕೇತಗಳನ್ನು ರೂಪಿಸಿದರು. ಆ ಪರಂಪರೆಯೂ ಅಮೆರಿಕದ ರೋಗಶಾಸ್ತ್ರಜ್ಞರ ‘ಸ್ನೋಮೆಡ್’ ಸಂಕೇತಮಾಲೆಯೂ ಕೂಡಿ 2002ರಲ್ಲಿ ‘ಸ್ನೋಮೆಡ್ ಸಿಟಿ’ ಬಂತು. ಟೈಪ್ 2 ಮಧುಮೇಹಕ್ಕೆ ಐಸಿಡಿ-10ರಲ್ಲಿ ಇ11, ಸ್ನೋಮೆಡ್‌ನಲ್ಲಿ 44054006. ವೈದ್ಯರು ಯಾವ ಭಾಷೆಯಲ್ಲಿ ಬರೆದರೂ ಸಂಖ್ಯೆ ಬದಲಾಗದು. ಊರು ಬಿಟ್ಟು ಊರಿಗೆ ದುಡಿಯಲು ಹೋಗುವ ರೋಗಿಗೆ ಇದು ದೊಡ್ಡ ಆಸರೆ.

ಭಾರತ 2014ರಲ್ಲಿ ಸ್ನೋಮೆಡ್ ಒಕ್ಕೂಟದ ಸದಸ್ಯ ರಾಷ್ಟ್ರವಾಯಿತು. 2016ರ ರಾಷ್ಟ್ರೀಯ ವಿದ್ಯುನ್ಮಾನ ಆರೋಗ್ಯ ದಾಖಲೆ ಮಾನದಂಡಗಳಲ್ಲಿ ಸ್ನೋಮೆಡ್, ಐಸಿಡಿ ಎರಡೂ ಇವೆ.