ಕ್ರೈಸ್ತ ದೇವಶಾಸ್ತ್ರದಲ್ಲಿ ದೈವಿಕ ಆಯ್ಕೆ: ವಿಜಯಪುರ ಪರಿಸರದ ನೆಲೆಯಲ್ಲಿ ಒಂದು ವಿವೇಚನೆ

ಕಲಾದಗಿಯಲ್ಲಿದ್ದ ಜಿಲ್ಲಾ ಕೇಂದ್ರವು 1885ರಲ್ಲಿ ವಿಜಯಪುರಕ್ಕೆ, ಅಂದಿನ ಬಿಜಾಪುರಕ್ಕೆ, ಸ್ಥಳಾಂತರಗೊಂಡಿತು. 1834ರಲ್ಲಿ ಮಂಗಳೂರು, 1837ರಲ್ಲಿ ಧಾರವಾಡ, 1851ರಲ್ಲಿ ಗುಳೇದಗುಡ್ಡವನ್ನು ತಲುಪಿದ್ದ ಬಾಸೆಲ್ ಮಿಶನ್ ಈ ನಗರದಲ್ಲಿ ಕೇಂದ್ರ ತೆರೆದದ್ದೂ ಅದೇ ಕಾಲಘಟ್ಟದಲ್ಲಿ. ಮಿಶನ್ನಿನೊಡನೆ ಬಂದ ತತ್ತ್ವಗಳಲ್ಲಿ ದೈವಿಕ ಆಯ್ಕೆಯೂ ಒಂದು. ದೇವರು ಕೆಲವರನ್ನು ಆರಿಸಿಕೊಳ್ಳುತ್ತಾನೆಂಬ ಈ ಮಾತು, ಹುಟ್ಟಿನಿಂದಲೇ ಮೇಲುಕೀಳನ್ನು ಎಣಿಸುವ ಸಮಾಜದಲ್ಲಿ ಯಾವ ಅರ್ಥ ಪಡೆಯುತ್ತದೆ ಎಂಬುದು ವಿಚಾರಾರ್ಹವಾಗಿದೆ.

ಯುರೋಪಿನಲ್ಲಿ ಈ ತತ್ತ್ವವು ದೀರ್ಘ ವಾದಕ್ಕೆ ಒಳಗಾಗಿತ್ತು. ಬಿಜಾಪುರವನ್ನು ಎರಡನೆಯ ಇಬ್ರಾಹಿಂ ಆದಿಲಶಾಹಿ ಆಳುತ್ತಿದ್ದ ಕಾಲದಲ್ಲೇ, 1618-19ರಲ್ಲಿ, ಹಾಲೆಂಡಿನ ಡಾರ್ಟ್ ನಗರದಲ್ಲಿ ಧರ್ಮಸಭೆ ಸೇರಿತು. ಮನುಷ್ಯನು ಮುಂದೆ ನಂಬುವನೆಂದು ತಿಳಿದು ದೇವರು ಅವನನ್ನು ಆರಿಸುತ್ತಾನೆಂಬ ಆರ್ಮೀನಿಯಸ್ ಪಂಥದ ವಾದವನ್ನು ಅದು ತಿರಸ್ಕರಿಸಿತು. ನಂಬಿಕೆಯು ಆಯ್ಕೆಗೆ ಕಾರಣವಲ್ಲ, ಆಯ್ಕೆಯ ಫಲವೆಂದು ಸಾರಿತು. ಲೂಥರನ್ ಪರಂಪರೆಯು ಕೃಪೆಯಿಂದಾದ ಆಯ್ಕೆಯನ್ನು ಒಪ್ಪಿದರೂ, ದೇವರು ಕೆಲವರನ್ನು ನಾಶಕ್ಕೆಂದೇ ನೇಮಿಸಿದನೆಂಬುದನ್ನು ಒಪ್ಪಲಿಲ್ಲ. ಲೂಥರನ್ ಹಾಗೂ ಸುಧಾರಿತ ಪಂಥಗಳೆರಡರವರೂ ಕೂಡಿ ದುಡಿದ ಬಾಸೆಲ್ ಮಿಶನ್ ಎರಡೂ ಪರಂಪರೆಗಳಿಗೆ ವಾರಸುದಾರವಾಗಿತ್ತು.

ಕನ್ನಡ ನಾಡಿಗೆ ಈ ಬಗೆಯ ಚಿಂತನೆ ಹೊಸದೇನಲ್ಲ. ಮಧ್ವಾಚಾರ್ಯರು ಜೀವರನ್ನು ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂದು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ಮೇಲ್ನೋಟಕ್ಕೆ ಎರಡೂ ಸಮಾನವೆನಿಸಿದರೂ ಭೇದವು ಮೂಲಭೂತವಾದುದು. ಮಧ್ವಮತದಲ್ಲಿ ಯೋಗ್ಯತೆಯು ಜೀವನ ಅನಾದಿ ಸ್ವರೂಪ. ಡಾರ್ಟ್ ಸಭೆಯ ನಿಲುವಿನಲ್ಲಿ ಆಯ್ಕೆಯಾದವನಿಗೆ ಸ್ವಂತ ಯೋಗ್ಯತೆಯೆಂಬುದೇ ಇಲ್ಲ. ಇನ್ನೊಂದೆಡೆ, ಇದೇ ಜಿಲ್ಲೆಯ ಬಾಗೇವಾಡಿಯ ಬಸವಣ್ಣನವರ ಪರಂಪರೆಯು ಕುಲದ ಹಿರಿಮೆಯನ್ನೇ ನಿರಾಕರಿಸಿತ್ತು. ದೈವಿಕ ಆಯ್ಕೆಯನ್ನು ಹೊಸದೊಂದು ಕುಲದ ಹೆಮ್ಮೆಯಾಗಿ ಗ್ರಹಿಸಿದರೆ, ಈ ನೆಲದಲ್ಲಿ ಅದಕ್ಕೆ ಉತ್ತರವು ಎಂಟುನೂರು ವರ್ಷಗಳಿಗೂ ಹಿಂದೆಯೇ ಸಿದ್ಧವಾಗಿತ್ತು.

ಭಾಷೆಯೂ ಇಲ್ಲಿ ಗಮನಾರ್ಹ. ಕನ್ನಡ ಬೈಬಲ್ಲಿನಲ್ಲಿ ‘ಆದುಕೊಂಡವರು’, ‘ಆರಿಸಿಕೊಂಡವರು’ ಎಂಬ ಪದಗಳು ಬಳಕೆಯಾಗಿವೆ. ತಿಕೋಟಾ, ಬಬಲೇಶ್ವರ ಸೀಮೆಯು ಹಿಂಗಾರಿ ಬಿಳಿಜೋಳದ ನಾಡು. ಕಾಳು ಹಸನು ಮಾಡುವಾಗ ಕಲ್ಲು, ಹುಳುಕನ್ನು ತೆಗೆದು ಒಳ್ಳೆಯದನ್ನು ಆರಿಸುವುದು ಇಲ್ಲಿನ ಮನೆಮನೆಯ ಕೆಲಸ. ಆದ್ದರಿಂದ ಆರಿಸಿಕೊಂಡದ್ದು ಎಂದೊಡನೆ ಒಳ್ಳೆಯದೆಂಬ ಭಾವ ಮೂಡುವುದು ಸಹಜ. ಬೈಬಲ್ಲಿನ ಆಶಯ ಇದಕ್ಕೆ ವಿರುದ್ಧವಾದುದು. ಇಸ್ರಾಯೇಲರನ್ನು ಆರಿಸಿದ್ದು ಅವರು ಹೆಚ್ಚು ಜನರೆಂದಲ್ಲ ಎನ್ನುತ್ತದೆ ಧರ್ಮೋಪದೇಶಕಾಂಡ. ಆರಿಸಿಕೊಂಡ ಜನವೆಂಬ ಕಾರಣಕ್ಕೇ ಅವರ ಅಪರಾಧಗಳಿಗೆ ದಂಡನೆಯಾಗುವುದೆಂದು ಪ್ರವಾದಿ ಆಮೋಸನು ಎಚ್ಚರಿಸುತ್ತಾನೆ. ಅಬ್ರಹಾಮನ ಕರೆಯ ಗುರಿಯೂ ಭೂಮಿಯ ಎಲ್ಲ ಕುಲಗಳಿಗೆ ಆಶೀರ್ವಾದವೇ. ಬಿತ್ತನೆಗೆಂದು ತೆಗೆದಿಟ್ಟ ಕಾಳು ಕಣಜದ ಶೋಭೆಗಲ್ಲ, ಮಣ್ಣಿಗೆ ಬೀಳುವುದಕ್ಕೆ. ಹೋಲಿಕೆಯು ಹೊಂದುವುದು ಇಲ್ಲಿಯೇ.

1942ರಲ್ಲಿ ಬಾಸೆಲ್ಲಿನವರೇ ಆದ ಕಾರ್ಲ್ ಬಾರ್ತ್ ಈ ತತ್ತ್ವವನ್ನು ಮರುವ್ಯಾಖ್ಯಾನಿಸಿದರು. ಆರಿಸುವ ದೇವರೂ ಆಯ್ಕೆಗೊಂಡ ಮಾನವನೂ ಕ್ರಿಸ್ತನೊಬ್ಬನೇ. ತಿರಸ್ಕಾರದ ಭಾರವನ್ನು ಹೊತ್ತವನೂ ಅವನೇ ಎಂಬುದು ಅವರ ಪ್ರತಿಪಾದನೆ. ಹೀಗೆ ನೋಡಿದಾಗ ಆಯ್ಕೆಯು ಜನರನ್ನು ಇಬ್ಭಾಗಿಸುವ ಗೆರೆಯಾಗದೆ ಹೊಣೆಗಾರಿಕೆಯಾಗುತ್ತದೆ. ಜಾತಿತಾರತಮ್ಯದ ಸಮಾಜದಲ್ಲಿ ಈ ಅರ್ಥಭೇದವು ಕೇವಲ ಪಂಡಿತರ ಚರ್ಚೆಯಲ್ಲ. ಆಯ್ಕೆಯ ಹೆಸರಿನಲ್ಲಿ ಇನ್ನೊಂದು ಮೇಲುಕುಲ ಹುಟ್ಟುವುದೋ, ಮೇಲುಕೀಳಿನ ಆಧಾರವೇ ಕುಸಿಯುವುದೋ ಎಂಬುದನ್ನು ನಿರ್ಧರಿಸುವ ಪ್ರಶ್ನೆಯಾಗಿದೆ.