ಕಾಡುಗಿಚ್ಚಿನ ಕಾವಲು

ಬೇಸಗೆಯ ಮೊದಲಲ್ಲಿ ಮೈಸೂರಿನಿಂದ ಉದಕಮಂಡಲಕ್ಕೆ ಪ್ರಯಾಣ ಮಾಡಿದವರು ನೀವಾದರೆ, ಬಂಡೀಪುರದ ರಸ್ತೆಯ ಎರಡು ಮಗ್ಗುಲಲ್ಲೂ ಕರಿಕಾದ ನೆಲದ ಉದ್ದನೆಯ ಪಟ್ಟಿಗಳನ್ನು ಕಂಡಿರಬಹುದು. ಯಾರೋ ಕಿಡಿಗೇಡಿಗಳ ಕೆಲಸವೆಂದು ಮರುಗಿಯೂ ಇರಬಹುದು. ಆದರೆ ಅದನ್ನು ಸುಟ್ಟವರು ಕಾಡಿನ ಕಾವಲಿನವರೇ. ಇದಕ್ಕೆ ಬೆಂಕಿ ರೇಖೆ ಎಂದು ಹೆಸರು. ಒಣಹುಲ್ಲು, ತರಗೆಲೆಗಳನ್ನು ಮುಂಚೆಯೇ ಸುಟ್ಟು ತೆಗೆದರೆ, ಬರುವ ಕಿಚ್ಚು ಮೇವಿಲ್ಲದೆ ಅಲ್ಲಿಗೇ ನಿಲ್ಲುತ್ತದೆ.

ಈ ಉಪಾಯಕ್ಕೂ ಒಂದು ಚರಿತ್ರೆಯುಂಟು. 1860ರ ದಶಕದಲ್ಲಿ ಮಧ್ಯಪ್ರಾಂತದ ಬೋರಿ ಕಾಡಿನಲ್ಲಿ ಕರ್ನಲ್ ಪಿಯರ್ಸನ್ ಎಂಬ ಅಧಿಕಾರಿ ಇಂಥ ರೇಖೆಗಳನ್ನು ಸವರಿಸಿ, ಕಾವಲು ಹಾಕಿಸಿ, ಬೆಂಕಿಯನ್ನು ಹೊರಗಿಟ್ಟು ತೋರಿಸಿದನು. ಬೆಂಕಿಯೆಂದರೆ ಕಾಡಿನ ಶತ್ರು ಎಂಬ ಭಾವನೆ ಸರ್ಕಾರದಲ್ಲಿ ಬೇರೂರಿತು. 1878ರ ಅರಣ್ಯ ಕಾಯಿದೆಯು ಮೀಸಲು ಕಾಡಿಗೆ ಬೆಂಕಿಯಿಡುವುದನ್ನು ಅಪರಾಧವೆಂದು ಸಾರಿತು. ಆದರೆ ಬರ್ಮಾದ ತೇವದ ಕಾಡುಗಳಲ್ಲಿ ಬೆಂಕಿ ಕಾಣದೆಡೆ ಪೊದೆ ದಟ್ಟವಾಗಿ, ತೇಗದ ಸಸಿಗಳು ಮೇಲೇಳದೆ ಹೋದವು. 20ನೆಯ ಶತಮಾನದ ಆರಂಭದಲ್ಲಿ ಅಲ್ಲಿನ ಅಧಿಕಾರಿಗಳೇ ಆ ನಿಯಮವನ್ನು ಸಡಿಲಿಸಬೇಕಾಯಿತು.

ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಈ ಮರ್ಮವನ್ನು ಬಲ್ಲವರು. ಬಿಸಿಲು ಬಲಿಯುವ ಮುನ್ನ, ನೆಲದಲ್ಲಿ ಇನ್ನೂ ತಂಪಿರುವಾಗಲೇ ಅವರು ‘ತರಗು ಬೆಂಕಿ’ ಹಚ್ಚುತ್ತಿದ್ದರು. ಅದು ತರಗನ್ನಷ್ಟೇ ತಿಂದು, ದೊಡ್ಡ ಮರಗಳನ್ನು ಕೆಡಿಸದೆ ಹರಿದುಹೋಗುತ್ತಿತ್ತು. ನೆಲ್ಲಿಮರದ ಬಂದಳಿಕೆಯೂ ಲಂಟಾನವೂ ಅದರಿಂದ ಹತೋಟಿಯಲ್ಲಿದ್ದವೆಂದು ಅವರ ಹಿರಿಯರು ಹೇಳುತ್ತಾರೆ. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ಆ ಪದ್ಧತಿ ನಿಂತಿತು. ಮುಂದಿನ ದಶಕಗಳಲ್ಲಿ ಲಂಟಾನ ಕಾಡಿನ ಬಹುಭಾಗವನ್ನು ಆವರಿಸಿತು.

ಒಣಗಿದ ಲಂಟಾನವೆಂದರೆ ಕಿಚ್ಚಿಗೆ ಏಣಿಯಿಟ್ಟಂತೆ. ನೆಲದ ಬೆಂಕಿ ಅದನ್ನು ಹಿಡಿದು ಕೊಂಬೆಗೆ ಏರುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ 4 ಸಾವಿರ ಹೆಕ್ಟೇರಿಗೂ ಮಿಗಿಲಾದ ಕಾಡು ಸುಟ್ಟಿತು. ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿದವು. ಈಗ ಕಿಚ್ಚಿನ ಸುದ್ದಿಯನ್ನು ಉಪಗ್ರಹವೂ ತಿಳಿಸುತ್ತದೆ. ಆದರೂ ಕೊನೆಗೆ ಉರಿಯೆದುರು ನಿಲ್ಲುವವನು ಹಸಿಸೊಪ್ಪಿನ ಕೊಂಬೆ ಹಿಡಿದ ಕಾವಲುಗಾರನೇ. 2017ರಲ್ಲಿ ಅದೇ ಬಂಡೀಪುರದಲ್ಲಿ ಒಬ್ಬ ಅರಣ್ಯ ರಕ್ಷಕ ಈ ಕೆಲಸದಲ್ಲಿ ಪ್ರಾಣವನ್ನೇ ತೆತ್ತನು.

ಎಲ್ಲ ಬೆಂಕಿಯೂ ಒಂದೇ ಅಲ್ಲ. ಹೊತ್ತರಿತು ಹಚ್ಚಿದ್ದು ಕಾಡನ್ನು ಕಾಯುತ್ತದೆ, ಹೊತ್ತು ಮೀರಿದ್ದು ಕಾಡನ್ನು ತಿನ್ನುತ್ತದೆ. ಆ ಹೊತ್ತನ್ನು ಬಲ್ಲ ಬೆಟ್ಟದ ಜನರನ್ನು ಕೇಳುವುದು ಕಾಯಿದೆ ಮಾಡುವವರ ಪಾಲಿನ ಕೆಲಸ. ಕಾಡಿನ ದಾರಿಯಲ್ಲಿ ಬೀಡಿಯ ತುಂಡನ್ನು ಎಸೆಯದಿರುವುದು ನಿಮ್ಮ, ನಮ್ಮ ಪಾಲಿನದು.